ನೆಟ್ಟಗೆ ನಿಂತ ಬಿಳಿ ಕಲ್ಲುಗಳು

ಈ ಪ್ರಕರಣದಲ್ಲಿ ಆರೋಪಿಯಾಗಿ ಕೋರ್ಟಿನ ಮೆಟ್ಟಿಲು ಹತ್ತಿದವಳು ಕುರಿ ಕಾಯುವ ಒಬ್ಬ ಮುದುಕಿ. ಬೇಲಿ ಬೇಕೆಂದವರು ಹತ್ತಲಿಲ್ಲ, ಬೇಲಿಯನ್ನು ಮಂಜೂರು ಮಾಡಿದವರು ಹತ್ತಲಿಲ್ಲ, ಬೇಲಿಗೆ ಬೇಕಾದ ವಾಕ್ಯವನ್ನು ವರದಿಯಲ್ಲಿ ಸೇರಿಸಿದವರು ಹತ್ತಲಿಲ್ಲ, ಆ ವರದಿಗೆ ಸಹಿ ಹಾಕಿದ ನಾನೂ ಹತ್ತಲಿಲ್ಲ. ಅವಳೊಂದಿಗೆ ಶಿಕ್ಷೆ ಉಂಡವು ಚಿಂಕಾರ ಹುಲ್ಲೆಗಳು. ಅವುಗಳಿಗೆ ತಾರೀಖು ಕೊಡುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ತಂತಿಯೇ ತೀರ್ಪು ಕೊಟ್ಟಿತು.

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವೆ, ಕಬ್ಬಿನ ಹಸಿರು ಮುಗಿದು ಕೆಂಪು ಕಲ್ಲು ಆರಂಭವಾಗುವಲ್ಲಿ, ಒಂದು ಬೋಳು ಗುಡ್ಡಸಾಲಿದೆ. ಜಾಲಿ, ಕಾರೆಕಂಟಿ, ಮೊಣಕಾಲೆತ್ತರದ ಒಣಹುಲ್ಲು, ಇಷ್ಟೇ ಅಲ್ಲಿನ ಸಂಪತ್ತು. ಅದರ ಒಂದು ಭಾಗದಲ್ಲಿ ಸಶಸ್ತ್ರ ಪಡೆಯೊಂದು ಗುಂಡು ಹಾರಿಸುವ ಅಭ್ಯಾಸ ನಡೆಸುತ್ತದೆ. ಸುತ್ತಲಿನವರು ಅದನ್ನು ರೇಂಜ್ ಎನ್ನುತ್ತಾರೆ. ಪಡೆಯ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲವೆಂದು ನಾನು ಗೇಟಿನಲ್ಲಿ ಬರೆದುಕೊಟ್ಟಿದ್ದೇನೆ. ತಪ್ಪುಗಳನ್ನು ಬರೆಯುವುದಿಲ್ಲವೆಂದು ಬರೆದುಕೊಟ್ಟಿಲ್ಲ.

ರೇಂಜ್ ತನ್ನ ಗಡಿಯನ್ನು ಉತ್ತರಕ್ಕೆ ವಿಸ್ತರಿಸಿ, ಇಡೀ ಪ್ರದೇಶಕ್ಕೆ ಮುಳ್ಳುತಂತಿಯ ಬೇಲಿ ಹಾಕಲು ಬಯಸಿತು. ಕಡತದಲ್ಲಿ ಆ ನೆಲದ ಹೆಸರು ‘ಅನುಪಯುಕ್ತ ಬಂಜರು’. ಉಪಯೋಗವಿಲ್ಲದ ಆ ನೆಲದ ನಡುವೆ ಒಂದು ಹೊಂಡವಿತ್ತು. ಬಂಡೆಗಳ ತಗ್ಗಿನಲ್ಲಿ ನಿಂತ ಮಳೆನೀರು ಬೇಸಿಗೆಯ ಕೊನೆಯವರೆಗೂ ಉಳಿಯುತ್ತಿದ್ದುದು ಸುತ್ತ ಹರದಾರಿ ದೂರದಲ್ಲಿ ಅಲ್ಲಿ ಮಾತ್ರ. ವನ್ಯಜೀವಿಗಳಿದ್ದರೆ ಅವು ನೀರಿಗೆ ಹೋಗುವ ದಾರಿಯನ್ನು ಬೇಲಿಯಲ್ಲಿ ಬಿಡಬೇಕೆಂದು ನಿಯಮವಿದೆ, ಇಲ್ಲದಿದ್ದರೆ ಬಿಡಬೇಕಿಲ್ಲ. ಆದ್ದರಿಂದ ಇವೆಯೋ ಇಲ್ಲವೋ ಎಂದು ತಿಳಿಸಲು ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಸಮೀಕ್ಷೆಯನ್ನು ವಹಿಸಲಾಯಿತು. ಸಂಸ್ಥೆ ನನ್ನನ್ನು ಕಳುಹಿಸಿತು. ನನ್ನ ಊರು ಜಮಖಂಡಿ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ರೇಂಜಿನ ಸುಬೇದಾರರು ಕೊಲ್ಹಾಪುರದ ಕಡೆಯವರು. ನನ್ನ ಆಯ್ಕೆಗೆ ಇದೂ ಒಂದು ಕಾರಣವೆಂದು ಆಮೇಲೆ ತಿಳಿಯಿತು. ಪ್ರಾಣಿಗಳ ಭಾಷೆ ಬಲ್ಲವರನ್ನು ಅವರು ಹುಡುಕಿರಲಿಲ್ಲ.

ಚಿಂಕಾರ ಮರುಭೂಮಿಯ ಹುಲ್ಲೆ. ರಾಜಸ್ಥಾನದ ಮರಳಿನಲ್ಲಿ ಓಡುವ ಪ್ರಾಣಿಯೇ ನಮ್ಮ ಕೆಂಪು ಕಲ್ಲಿನ ಮೇಲೂ ಓಡುತ್ತದೆ. ಇಲ್ಲಿನವರು ಅದನ್ನು ಸಣ್ಣ ಚಿಗರಿ ಎನ್ನುತ್ತಾರೆ. ಮನುಷ್ಯನನ್ನು ಕಂಡರೆ ಅರ್ಧ ಮೈಲಿ ದೂರದಿಂದಲೇ ಮಾಯವಾಗುವ ಈ ಪ್ರಾಣಿಯನ್ನು ಕಣ್ಣಿನಿಂದ ಎಣಿಸುವುದು ಕಷ್ಟ. ಆದರೆ ಅದಕ್ಕೊಂದು ಶಿಸ್ತಿದೆ: ದಿನವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಆ ಗುಡ್ಡೆಗಳೇ ಅದರ ಹಾಜರಿ ಪುಸ್ತಕ. ಕುರಿಯ ಹಿಕ್ಕೆ ನಡೆದ ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಚಿಂಕಾರದ್ದು ತಟ್ಟೆಯಗಲದಲ್ಲಿ ರಾಶಿಯಾಗಿರುತ್ತದೆ, ಕಾಳು ಸಣ್ಣದು, ಒಂದು ತುದಿ ಚೂಪು.

ನನ್ನ ವಿಧಾನ ಸರಳವಾಗಿತ್ತು. ಗುಡ್ಡವನ್ನು ಅಡ್ಡಗೆರೆಗಳಲ್ಲಿ ನಡೆಯುವುದು. ಗುಡ್ಡೆ ಸಿಕ್ಕಲ್ಲಿ ಅಳತೆಪಟ್ಟಿ ಹಿಡಿದು ಚೌಕ ಮಾಡುವುದು. ಚೌಕದೊಳಗಿನ ಹಳೆಯ ಹಿಕ್ಕೆಯನ್ನೆಲ್ಲ ಗುಡಿಸಿ ಸ್ವಚ್ಛಗೊಳಿಸುವುದು. ಹದಿನೈದು ದಿನ ಬಿಟ್ಟು ಮರಳಿ ಬಂದು, ಅದೇ ಚೌಕದಲ್ಲಿ ಹೊಸದಾಗಿ ಬಿದ್ದುದನ್ನು ಎಣಿಸುವುದು. ಎರಡನೆಯ ಭೇಟಿಯ ಈ ಎಣಿಕೆಯಿಂದಲೇ ಪ್ರಾಣಿಗಳ ಸಂಖ್ಯೆಯನ್ನು ಅಂದಾಜು ಮಾಡುತ್ತೇವೆ. ಮೊದಲ ಭೇಟಿಯಲ್ಲಿ ಕಂಡದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ಚೌಕ ಎಲ್ಲಿದೆ ಎಂಬ ಗುರುತೇ ಇಡೀ ಕೆಲಸದ ಪ್ರಾಣ.

ಜಾಗ ತೋರಿಸುವ ಉಪಕರಣ ನನ್ನಲ್ಲಿತ್ತು. ಗೇಟಿನಲ್ಲಿ ಅದನ್ನು ಕಸಿದುಕೊಂಡರು. ಕ್ಯಾಮರಾವನ್ನೂ. ಶತ್ರುವಿಗೆ ಚಿಂಕಾರದ ಹಿಕ್ಕೆಯ ನೆಲೆ ತಿಳಿದುಬಿಟ್ಟರೆ ದೇಶದ ಗತಿ ಏನಾಗುತ್ತಿತ್ತೆಂದು ನಾನು ಕೇಳಲಿಲ್ಲ, ಕೇಳಬೇಕಿತ್ತು. ಕೈಯಲ್ಲಿ ಉಳಿದದ್ದು ದಿಕ್ಸೂಚಿ, ಅಳತೆಪಟ್ಟಿ, ಪುಸ್ತಕ. ಕೆಂಪು ನೆಲದಲ್ಲಿ ಕೆಂಪು ಕಲ್ಲಿಟ್ಟರೆ ಮರಳಿ ಸಿಗುವುದಿಲ್ಲ. ಆಗ ನಾನು ಸುಬೇದಾರರಲ್ಲಿ ಒಂದು ಡಬ್ಬಿ ಸುಣ್ಣ ಕೇಳಿದೆ. ಅವರ ಉಗ್ರಾಣದಲ್ಲಿ ಸುಣ್ಣಕ್ಕೆ ಬರವಿರಲಿಲ್ಲ. ಕಲ್ಲಿಗೆ ಸುಣ್ಣ ಬಳಿದು, ಪ್ರತಿ ಚೌಕದ ನಾಲ್ಕು ಮೂಲೆಗೂ ಒಂದೊಂದು ಇಟ್ಟೆ. ಮೂವತ್ತೆರಡು ಚೌಕ. ನೂರ ಇಪ್ಪತ್ತೆಂಟು ಬಿಳಿ ಕಲ್ಲು.

ಆ ಕುರಿಗಾರ ಮುದುಕಿಯನ್ನು ನಾನು ಮೊದಲು ಕಂಡದ್ದು ಆಗಲೇ. ಗುಂಡು ಹಾರಿಸುವ ದಿನ ರೇಂಜಿನ ಕಂಬದ ಮೇಲೆ ಕೆಂಪು ನಿಶಾನೆ ಏರುತ್ತದೆ. ಇಳಿದ ದಿನ ಕುರಿಗಾರರು ಒಳಗೆ ಬರುವುದು ಅಲ್ಲಿಯವರೆಗಿನ ರೂಢಿ. ಅಂದು ನಿಶಾನೆ ಇಳಿದಿತ್ತು. ಮೊಣಕಾಲೂರಿ ಹಿಕ್ಕೆ ಗುಡಿಸುತ್ತಿದ್ದ ನನ್ನ ಬೆನ್ನ ಹಿಂದೆ ಮಾತು ಕೇಳಿಸಿತು.

“ಏನ ಕಳಕೊಂಡೀರಿ ಅಕ್ಕಾರ? ಮೂಗುತಿನೋ?”

ತಿರುಗಿ ನೋಡಿದರೆ ಕೋಲು ಊರಿಕೊಂಡು ಅವಳು, ಹಿಂದೆ ನಲವತ್ತು ಕುರಿ, ಪಕ್ಕದಲ್ಲಿ ಎಲುಬಿನ ಹಂದರದಂಥ ಒಂದು ಮುಧೋಳ ನಾಯಿ. ನಾನು ಮಾಡುತ್ತಿದ್ದುದನ್ನು ವಿವರಿಸಿದೆ.

“ಹಿಕ್ಕಿ ಎಣಸಾಕ ಸರಕಾರ ಪಗಾರ ಕೊಡತೈತಿ?”

“ಕೊಡತೈತಿ, ಆಯಿ.” ನಮ್ಮ ಕಡೆ ಅಜ್ಜಿಯ ವಯಸ್ಸಿನವರನ್ನು ಹಾಗೆಯೇ ಕರೆಯುವುದು.

“ಹಂಗಾರ ನಮ್ಮ ಕುರಿ ಕಡೆ ಬರ್ರಿ. ನಿಮ್ಮ ಮೊಮ್ಮಕ್ಕಳ ತನಕ ಪಗಾರ ನಿಲ್ಲೂದಿಲ್ಲ.”

ನಾಯಿಯನ್ನು ನೋಡಿ ನಾನು, ಇದು ಚಿಗರಿಯ ಬೆನ್ನು ಹತ್ತುತ್ತದೆಯೇ ಎಂದು ಕೇಳಿದೆ. ಸಮೀಕ್ಷೆಯ ನಮೂನೆಯಲ್ಲಿ ಆ ಪ್ರಶ್ನೆಯಿತ್ತು. ಆಯಿ ನಾಯಿಯ ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದಳು. ಒಸಡು ಬಹುಪಾಲು ಬರಿದಾಗಿತ್ತು.

“ಇದಾ? ರೊಟ್ಟಿ ಹಾಲಾಗ ತೋಯ್ಸಿ ಕೊಟ್ಟರ ನುಂಗತೈತಿ. ಇದರ ಅಜ್ಜ ಹಿಡೀತಿದ್ದನಂತ. ಈಗ ಚಿಗರಿ ಬಂದ್ರ ಇದ ನನ್ನ ಹಿಂದ ನಿಂದರತೈತಿ.”

ಅವಳ ಊರು ನದಿದಂಡೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬಂದಾಗ ಊರನ್ನು ಎತ್ತಿ ಗುಡ್ಡದ ಬುಡದ ಪುನರ್ವಸತಿ ಕೇಂದ್ರಕ್ಕೆ ತಂದರು. ದಂಡೆಯ ಹುಲ್ಲು ನೀರಿನಡಿ ಹೋದುದರಿಂದ ಅವಳ ಕುರಿಗಳಿಗೆ ಉಳಿದದ್ದು ಈ ಗುಡ್ಡ ಮತ್ತು ಈ ಹೊಂಡ. ಮುಳುಗಡೆಯನ್ನು ಅವಳು ದುಃಖದಿಂದ ಹೇಳಲಿಲ್ಲ. ಯಾರದೋ ಮನೆಯ ಕೆಟ್ಟ ಅಡುಗೆಯ ಬಗ್ಗೆ ಹೇಳುವಂತೆ ಹೇಳಿದಳು.

ಹದಿನೈದು ದಿನದ ಮೇಲೆ ನಾನು ಮರಳಿ ಬಂದೆ. ಮೊದಲ ಚೌಕ ಇರಬೇಕಾದಲ್ಲಿ ಕಲ್ಲಿರಲಿಲ್ಲ. ಎರಡನೆಯದರಲ್ಲೂ ಇಲ್ಲ. ಹೆಜ್ಜೆ ತಪ್ಪಿ ಎಣಿಸಿದೆನೆಂದು ಗೇಟಿಗೆ ಹಿಂದಿರುಗಿ, ದಿಕ್ಸೂಚಿ ಹಿಡಿದು ಮತ್ತೆ ನಡೆದೆ. ಹುಲ್ಲಿನ ನಡುವೆ ಅಲ್ಲಲ್ಲಿ ಪೊರಕೆಯ ಗೆರೆಗಳು ಕಂಡವು. ಮಧ್ಯಾಹ್ನದ ಹೊತ್ತಿಗೆ ನಿಶಾನೆ ಕಂಬದ ಬಳಿ ಬಂದಾಗ ಎಲ್ಲವೂ ಅರ್ಥವಾಯಿತು. ಗೇಟಿನಿಂದ ಕಂಬದವರೆಗಿನ ದಾರಿಯ ಎರಡೂ ಬದಿಗೆ, ದಾರ ಹಿಡಿದು ಜೋಡಿಸಿದಂತೆ, ನನ್ನ ಕಲ್ಲುಗಳು ಹೊಸ ಸುಣ್ಣ ಬಳಿಸಿಕೊಂಡು ನಿಂತಿದ್ದವು.

ಸುಬೇದಾರರು ನಗುತ್ತ ಬಂದರು. ಅವರ ಮರಾಠಿ ಮಾತನ್ನು ನಮ್ಮ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ಮೇಡಂ, ದೊಡ್ಡ ಸಾಹೇಬರ ತಪಾಸಣಿ ಇತ್ತು. ರೇಂಜಿನಾಗ ಬಿಳೇ ಕಲ್ಲು ಅಂದ್ರ ದಾರಿ. ಗುಡ್ಡದ ತುಂಬ ಅಡ್ಡಾದಿಡ್ಡಿ ಬಿದ್ದಿದ್ವು. ಸಾಹೇಬರು ದುರ್ಬೀನಿನಾಗ ನೋಡಿದ್ರ ನನ್ನ ಗತಿ ಏನ್ರಿ? ಅದಕ್ಕ ಜವಾನರನ್ನ ಹಚ್ಚಿ ಎಲ್ಲಾ ನೆಟ್ಟಗ ಮಾಡಸೀನಿ.”

“ಅಲ್ಲಿ ಕಸಬರಿಗಿ ಯಾಕ ಹೊಡದ್ರಿ?”

“ಕಲ್ಲಿನ ಸುತ್ತ ಹೊಲಸಿತ್ತಲ್ರೀ. ತಗಸೀನಿ.” ಆಮೇಲೆ ನನ್ನ ಮುಖ ನೋಡಿ, ಸಮಾಧಾನಪಡಿಸುವ ಧ್ವನಿಯಲ್ಲಿ ಹೇಳಿದರು: “ಎಣಸಿಕೊಳ್ರಿ ಮೇಡಂ. ನೂರಾ ಇಪ್ಪತ್ತೆಂಟು. ಒಂದೂ ಕಡಿಮಿ ಆಗಿಲ್ಲ.”

ಆ ಮನುಷ್ಯನಲ್ಲಿ ದುರುದ್ದೇಶವಿರಲಿಲ್ಲ. ಆ ಸೌಲಭ್ಯವನ್ನೂ ನಾನು ಅವರಿಗೆ ಕೊಡಲಾರೆ. ಬಿಳಿಯಾಗಿ ಕಂಡ ಎಲ್ಲವೂ ಸಾಲಾಗಿ ನಿಲ್ಲಬೇಕೆಂದು ಇಪ್ಪತ್ತು ವರ್ಷ ಕಲಿತಿದ್ದರು, ಕಲಿತದ್ದನ್ನು ಪಾಲಿಸಿದರು. ಸುಣ್ಣ ಉಗ್ರಾಣದ್ದು, ಆದ್ದರಿಂದ ಸುಣ್ಣ ಬಳಿದದ್ದೂ ಉಗ್ರಾಣದ್ದು ಎಂಬುದು ಅವರ ತರ್ಕ. ಇಲ್ಲಿ ನನ್ನ ಮೊದಲ ತಪ್ಪನ್ನು ದಾಖಲಿಸುತ್ತೇನೆ. ಹೆಸರುಳ್ಳ ಶಾಲೆಯಲ್ಲಿ ಪ್ರಶ್ನಿಸುವುದನ್ನು ಕಲಿತವಳು ನಾನು. ಪಡೆಗಳ ಅಂಗಳದಲ್ಲಿ ಬಿಳಿ ಕಲ್ಲಿಗೆ ಏನರ್ಥವಿದೆ ಎಂಬ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಪ್ರಾಣಿಯ ರೂಢಿಯನ್ನು ಅಷ್ಟು ಓದಿದ್ದೆ, ಮನುಷ್ಯರದ್ದನ್ನು ಓದಿರಲಿಲ್ಲ.

ಸಂಸ್ಥೆಯ ನಿರ್ದೇಶಕರಿಗೆ ನಡೆದುದನ್ನು ಹೇಳಿದೆ. ಅವರು ಗಂಭೀರವಾಗಿ ಕೇಳಿ, ಗಂಭೀರವಾಗಿ ಚಹಾ ಮುಗಿಸಿದರು.

“ಎರಡನೇ ಸುತ್ತಿನಾಗ ಎಷ್ಟು ಸಿಕ್ಕಾವು?”

“ಚೌಕಾನ ಸಿಕ್ಕಿಲ್ರಿ ಸರ್.”

“ಅಂದ್ರ ಸೊನ್ನಿ. ‘ಇಲ್ಲ’ ಅಂತ ಬರೀಬ್ಯಾಡ್ರಿ. ‘ಕಂಡುಬಂದಿಲ್ಲ’ ಅಂತ ಬರೀರಿ. ಅದು ಖರೆ ಐತಲ್ಲ?”

“ನಾ ಮೂವತ್ತೆರಡು ಗುಡ್ಡೆ ಕಂಡೀನ್ರಿ.”

“ಅದು ಮೊದಲ ಸುತ್ತಿಂದು. ನಿಮ್ಮ ವಿಧಾನದ ಪ್ರಕಾರನ ಅದು ಲೆಕ್ಕಕ್ಕಿಲ್ಲ.”

ನನ್ನ ವಿಧಾನವನ್ನೇ ನನ್ನ ಕುತ್ತಿಗೆಗೆ ಹಗ್ಗ ಮಾಡಿದ ಆ ಚಾತುರ್ಯವನ್ನು ಅವರು ಸಂಶೋಧನೆಯಲ್ಲಿ ತೋರಿಸಿದ್ದರೆ ಸಂಸ್ಥೆಗೆ ಕೀರ್ತಿ ಬರುತ್ತಿತ್ತು. ಮಧ್ಯಂತರ ವರದಿಯ ಕರಡು ಮರುದಿನ ಮೇಜಿನ ಮೇಲಿತ್ತು. ಅದರಲ್ಲಿ ನಾನು ಬರೆಯದ ಒಂದು ವಾಕ್ಯ ಸೇರಿತ್ತು: ‘ಕುರಿಗಾರರ ಬೇಟೆನಾಯಿಗಳ ಹಾವಳಿಯಿಂದ ಪ್ರಾಣಿಗಳು ಈ ಪ್ರದೇಶವನ್ನು ತೊರೆದಿರಬಹುದು, ಬೇಲಿಯು ಸಂರಕ್ಷಣೆಗೆ ನೆರವಾಗಬಹುದು.’

“ಇದಕ್ಕ ಆಧಾರ ಏನ್ರಿ ಸರ್? ಅಲ್ಲಿರೋದು ಒಂದ ನಾಯಿ. ಅದಕ್ಕ ಹಲ್ಲಿಲ್ಲ.”

“ಊಹೆ ಅಂತ ಸ್ಪಷ್ಟ ಐತಲ್ಲ? ಊಹೆಗೆ ಆಧಾರ ಯಾರು ಕೇಳತಾರ? ಮುಧೋಳ ತಾಲ್ಲೂಕು, ಬೇಟೆನಾಯಿ, ಓದಿದವರಿಗೆ ಕೂಡಲೇ ಖರೆ ಅನಸತೈತಿ. ಸಹಿ ಹಾಕ್ರಿ. ಅಂತಿಮ ವರದಿಯೊಳಗ ಬೇಕಾದ್ದು ತಿದ್ದಿಕೊಳ್ರಿ. ಸಹಿ ಇಲ್ಲಂದ್ರ ಎರಡನೇ ಹಂತದ ಪರವಾನಗಿ ಬರೂದಿಲ್ಲ.”

ಸಹಿ ಹಾಕಿದೆ. ಮರಳಿ ಗುಡ್ಡಕ್ಕೆ ಹೋಗಿ ಸತ್ಯವನ್ನು ತರುವೆನೆಂದು ನನಗೆ ನಾನೇ ಹೇಳಿಕೊಂಡೆ. ಒಳ್ಳೆಯ ಉದ್ದೇಶವೆಂಬುದು ಸುಳ್ಳಿಗೆ ಹಾಕಿದ ಸಹಿಯನ್ನು ಮಸುಕು ಮಾಡುವುದಿಲ್ಲ. ಇದು ನನ್ನ ಎರಡನೆಯ ತಪ್ಪು, ಮತ್ತು ಈ ಕಥನದ ಎಲ್ಲ ತಪ್ಪುಗಳಲ್ಲಿ ದೊಡ್ಡದು.

ಪರವಾನಗಿ ಬಂತು, ಏಳೇ ದಿನದ್ದು. ಹದಿನೈದು ದಿನ ಬೇಡುವ ವಿಧಾನಕ್ಕೆ ಏಳು ದಿನ ಕೊಟ್ಟವರ ಗಣಿತವನ್ನು ಹೊಗಳದೆ ಇರಲಾರೆ. ಮೊದಲ ದಿನ ಹೊಂಡದ ದಂಡೆಯಲ್ಲಿ ತಲೆಗೆ ಕೈಹೊತ್ತು ಕುಳಿತೆ. ಆಯಿ ಕುರಿಗಳಿಗೆ ನೀರು ಕುಡಿಸುತ್ತಿದ್ದಳು.

“ನಿಮ್ಮ ಕಲ್ಲು ಮೆರವಣಿಗಿ ಹೊಂಟಾವಲ್ರಿ ಅಕ್ಕಾರ. ಇನ್ನ ಬಾಜಾ ಒಂದು ಹಚ್ಚಬೇಕು.”

ನಗಲಾಗಲಿಲ್ಲ. ಏಳು ದಿನದಲ್ಲಿ ಚಿಗರಿ ಇದೆಯೆಂದು ತೋರಿಸದಿದ್ದರೆ ಈ ಹೊಂಡ ಬೇಲಿಯೊಳಗೆ ಹೋಗುತ್ತದೆ, ನಿನಗೂ ಇಲ್ಲ, ಅವಕ್ಕೂ ಇಲ್ಲ ಎಂದೆ. ಬೇಟೆನಾಯಿಯ ವಾಕ್ಯವನ್ನು ಹೇಳಲಿಲ್ಲ.

ಅವಳು ಕೇಳಿದಳು: “ತೋಳ ಬಂದಿತ್ತೋ ಇಲ್ಲೋ ನಮಗ ಹೆಂಗ ತಿಳೀತೈತಿ, ಹೇಳ್ರಿ ನೋಡೂಣು?”

“ಹೆಂಗ?”

“ಸಂಜೀಕ ದಡ್ಡಿ ಸುತ್ತ ಜಾಲಿ ಮುಳ್ಳ ಜಗ್ಗತೀವಿ. ಮಣ್ಣ ಸಾಪ ಆಗತೈತಿ. ಮುಂಜಾನೆ ಎದ್ದು ನೋಡಿದ್ರ ಯಾರ್‍ಯಾರು ಬಂದು ಹೋಗ್ಯಾರ, ಎಲ್ಲಾ ಬರದಿರತೈತಿ. ಹಿಕ್ಕಿ ಬೀಳಾಕ ಹದಿನೈದು ದಿನ ಬೇಕು. ಹೆಜ್ಜಿ ಬೀಳಾಕ ಒಂದು ಮುಂಜಾನೆ ಸಾಕು.”

ದಡ್ಡಿಯೆಂದರೆ ಕುರಿ ಕೂಡುವ ಮುಳ್ಳಿನ ಆವರಣ. ಅದರ ಸುತ್ತ ಈ ಹೆಂಗಸು ಪ್ರತಿ ಸಂಜೆ ಮಾಡುತ್ತಿದ್ದುದನ್ನು ನಮ್ಮ ಶಾಸ್ತ್ರದಲ್ಲಿ ಹೆಜ್ಜೆಪಟ್ಟಿ ವಿಧಾನ ಎಂದು ಬೇರೆ ದೇಶದವರು ಬರೆದ ಪುಸ್ತಕದಿಂದ ನಾನು ಕಲಿತಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಹೊಂಡದ ದಂಡೆಯಲ್ಲಿ ಕುಳಿತಾಗ ನೆನಪಾಗಿರಲಿಲ್ಲ.

ಹೊಂಡದ ಉತ್ತರದ ದಂಡೆಯಲ್ಲಿ ಮೂರು ಗಜ ಅಗಲದ ಪಟ್ಟಿಯನ್ನು ಆರಿಸಿದೆವು. ಕಲ್ಲು ಹೆಕ್ಕಿ, ಮಣ್ಣನ್ನು ಸಡಿಲಿಸಿ, ಪ್ರತಿ ಸಂಜೆ ಜಾಲಿಯ ಟೊಂಗೆಯನ್ನು ಎಳೆದು ಸಮ ಮಾಡಿದೆವು. ಅವಳ ಕುರಿಗಳ ಹೆಜ್ಜೆ ಬೆರೆಯಬಾರದು. ಆದ್ದರಿಂದ ಅವಳು ಉಳಿದ ಆರು ದಿನವೂ ಮಂದೆಯನ್ನು ಗುಡ್ಡ ಇಳಿಸಿ, ಬಹುದೂರದ ಕಾಲುವೆಗೆ ನಡೆಸಿದಳು. ನಾನು ಕೇಳಿರಲಿಲ್ಲ. ಅಷ್ಟು ನಡೆದುದರಿಂದ ಎರಡು ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಅದನ್ನು ಅವಳು ಹೇಳಿದ್ದು ಎಷ್ಟೋ ದಿನಗಳ ಮೇಲೆ, ಬೇರೆ ಮಾತಿನ ನಡುವೆ.

ಮೊದಲ ಮುಂಜಾನೆ ಪಟ್ಟಿಯ ಮೇಲೆ ಹೆಜ್ಜೆಗಳಿದ್ದವು. ಕುರಿಯ ಗೊರಸು ಮೊಂಡು, ಅಗಲ. ಇವು ಕಿರಿದು, ಮುಂದೆ ಚೂಪಾಗಿ ಕೂಡುವ ಎರಡು ಎಸಳು. ಎರಡನೆಯ ಮುಂಜಾನೆಯೂ ಇದ್ದವು, ಮೂರನೆಯದೂ. ಪ್ರತಿ ಹೆಜ್ಜೆಯ ಉದ್ದ, ಅಗಲ, ಹೆಜ್ಜೆಯಿಂದ ಹೆಜ್ಜೆಗೆ ಅಂತರ ಬರೆದುಕೊಂಡೆ. ಕ್ಯಾಮರಾ ಇಲ್ಲದುದರಿಂದ ಮುಧೋಳದಿಂದ ಪ್ಲಾಸ್ಟರ್ ಪುಡಿ ತಂದು, ಕಲಸಿ, ಹೆಜ್ಜೆಗೆ ಸುರಿದು ಅಚ್ಚು ತೆಗೆದೆ. ಸುಬೇದಾರರು ಬಂದು ಆ ಬಿಳಿ ಅಚ್ಚುಗಳನ್ನು ಚಿಂತೆಯಿಂದ ನೋಡಿದರು.

“ಇವೂ ಇಲ್ಲೇ ಇರತಾವೇನ್ರಿ ಮೇಡಂ? ಶುಕ್ರವಾರ ತಪಾಸಣಿ ಐತಿ.”

“ಇಲ್ರಿ. ಇವು ನನ್ನ ಚೀಲದಾಗ ಇರತಾವು. ಸಾಲು ಹಚ್ಚಾಕ ಸಿಗೂದಿಲ್ಲ.”

ಐದನೆಯ ಮುಂಜಾನೆ ನಾವಿಬ್ಬರೂ ಬಂಡೆಯ ಹಿಂದೆ ಕುಳಿತಿದ್ದಾಗ ಅವು ಬಂದವು. ಎರಡು ಹೆಣ್ಣು, ಹಿಂದೆ ತಿಂಗಳು ತುಂಬದ ಮರಿ. ಮರಿ ನೀರಿಗೆ ಬಾಯಿಟ್ಟು, ತನ್ನ ನೆರಳಿಗೇ ಬೆದರಿ ಹಿಂದಕ್ಕೆ ಹಾರಿತು. ಆಯಿ ನನ್ನ ಮೊಣಕೈ ಚಿವುಟಿ ಪಿಸುಗುಟ್ಟಿದಳು: “ಬರಕೋ ತಂಗಿ, ಬರಕೋ. ಇದೂ ಕಂಡಿಲ್ಲಂದಾರು.” ಅಕ್ಕಾರ ಹೋಗಿ ತಂಗಿಯಾದದ್ದನ್ನು ನಾನು ಗಮನಿಸಿದೆ. ವಾಕ್ಯದ ವಿಷಯ ಆಗಲೂ ಹೇಳಲಿಲ್ಲ.

ಆರು ಮುಂಜಾನೆಯಲ್ಲಿ ಆರು ದಿನವೂ ಹೆಜ್ಜೆ. ಹದಿನಾಲ್ಕು ಅಚ್ಚು. ಸಹವೀಕ್ಷಕಿಯಾಗಿ ಆಯಿಯ ಹೆಬ್ಬೆಟ್ಟು. ಬೇಲಿಯ ಕೆಳಗಿನ ಎರಡು ಎಳೆಗಳನ್ನು ಹಾಕದೆ ಬಿಟ್ಟರೆ ಚಿಂಕಾರ ನುಸುಳಿ ಹೋಗಬಲ್ಲದೆಂದೂ, ಅದು ಹಾರುವುದಕ್ಕಿಂತ ನುಸುಳುವುದನ್ನೇ ಬಯಸುತ್ತದೆಂದೂ ವರದಿಯ ಕೊನೆಗೆ ಬರೆದೆ. ಅದನ್ನು ಹೊತ್ತು ಗುಡ್ಡ ಇಳಿಯುವಾಗ ಲಾರಿಯೊಂದು ಎದುರು ಬಂತು. ಅದರ ತುಂಬ ಸಿಮೆಂಟಿನ ಕಂಬಗಳಿದ್ದವು.

ಬೇಲಿಯನ್ನು ಮಧ್ಯಂತರ ವರದಿಯ ಆಧಾರದ ಮೇಲೆ ಮಂಜೂರು ಮಾಡಿಯಾಗಿತ್ತು.

“ಅಂತಿಮ ವರದಿ ಯಾರು ಕೇಳ್ಯಾರ?” ಎಂದರು ನಿರ್ದೇಶಕರು. ಹೆಬ್ಬೆಟ್ಟಿನ ಪುಟವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದೇನ್ರಿ, ಪಂಚನಾಮಾನೋ ವಿಜ್ಞಾನಾನೋ?” ಎಂದು ನಕ್ಕರು. ಆ ಪುಟವನ್ನು ತೆಗೆಯುವಂತೆಯೂ, ‘ಕಂಡುಬಂದಿಲ್ಲ’ ಎಂಬುದಕ್ಕೆ ವಿರೋಧವಾಗದಂತೆ ‘ಅಪರೂಪಕ್ಕೆ ಹಾದುಹೋಗುತ್ತವೆ’ ಎಂದು ತಿದ್ದುವಂತೆಯೂ ಹೇಳಿದರು. ಮರಿಹಾಕಿದ ಪ್ರಾಣಿ ಹಾದುಹೋಗುವ ಪ್ರವಾಸಿಯಂತೆ!

ನಾನು ಅಂದೇ ನಿರ್ಧರಿಸಿದೆ. ಮಧ್ಯಂತರ ವರದಿಯಿಂದ ನನ್ನ ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆಂದೂ, ಬೇಟೆನಾಯಿಯ ವಾಕ್ಯ ನನ್ನದಲ್ಲ, ಅದಕ್ಕೆ ಆಧಾರವಿಲ್ಲವೆಂದೂ ಪತ್ರ ಬರೆದೆ. ಪ್ರತಿಗಳನ್ನು ಸಂಸ್ಥೆಗೆ, ರೇಂಜಿಗೆ, ಅರಣ್ಯ ವಿಭಾಗದ ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡೆ. ನೌಕರಿ ಒಂದು ವಾರದಲ್ಲಿ ಹೋಯಿತು; ಅದರ ಬಗ್ಗೆ ಬರೆಯಲು ಏನೂ ಇಲ್ಲ. ಆಮೇಲೆ ಪುನರ್ವಸತಿ ಕೇಂದ್ರದ ಶಾಲೆಯ ಪಡಸಾಲೆಯಲ್ಲಿ ಜನ ಸೇರಿದ ದಿನ, ಆ ಪತ್ರವನ್ನು ಎಲ್ಲರೆದುರು ಓದಿದೆ. ಹಲ್ಲಿಲ್ಲದ ನಾಯಿಯನ್ನು ಬೇಟೆನಾಯಿ ಮಾಡಿದ ವರದಿಗೆ ನಾನು ಸಹಿ ಹಾಕಿದ್ದೆನೆಂಬುದು ಆಯಿಗೆ ತಿಳಿದದ್ದು ಹಾಗೆ.

ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. “ಸಹಿ ಹಿಂದಕ್ಕ ತಗೊಂಡ್ರ ಕಂಬಾನೂ ಹಿಂದಕ್ಕ ಹೋಗತಾವೇನ?”

ಹೋಗಲಿಲ್ಲ. ಆರು ಎಳೆಯ ಮುಳ್ಳುತಂತಿ, ಕೆಳಗಿನ ಎಳೆ ನೆಲದಿಂದ ಒಂದು ಗೇಣು. ಹೊಂಡ ಒಳಗೆ. ನಿಶಾನೆ ಏರಲಿ ಇಳಿಯಲಿ, ಕುರಿಗೆ ಪ್ರವೇಶವಿಲ್ಲ. ಮೊದಲ ಬೇಸಿಗೆಯಲ್ಲಿ ನೀರಿನ ವಾಸನೆ ಹಿಡಿದು ಓಡಿಬಂದ ಚಿಂಕಾರಗಳಿಗೆ ತಂತಿ ಕಾಣಲಿಲ್ಲ. ಆಯಿ ಮೂರು ಹೆಣಗಳನ್ನು ಕಂಡಳು. ನಾಲ್ಕನೆಯದು ಆಗದಿರಲೆಂದು ಹರಿದ ರಬಕವಿ ಸೀರೆಯನ್ನು ಸೀಳಿ, ಹೊರಗಿನಿಂದ ಕೈ ತೂರಿಸಿ, ಉತ್ತರದ ಬದಿಯ ತಂತಿಗೆ ಮಾರಿಗೊಂದರಂತೆ ಕೆಂಪು ಚಿಂದಿ ಕಟ್ಟಿದಳು. ಗಾಳಿಗೆ ಚಿಂದಿ ಅಲುಗಿದರೆ ಪ್ರಾಣಿ ದೂರದಿಂದಲೇ ತಂತಿಯನ್ನು ಗುರುತಿಸುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮುಂದಿನ ತಪಾಸಣೆಗೆ ಮುನ್ನ ಚಿಂದಿಗಳನ್ನು ಬಿಚ್ಚಿಸಲಾಯಿತು. ಸುಬೇದಾರರು ಅವನ್ನು ಮಡಚಿ, ಚೀಲದಲ್ಲಿ ಹಾಕಿ, ಅವಳ ಮನೆಗೇ ತಲುಪಿಸಿದರು. ಒಂದೂ ಕಡಿಮೆ ಇರಲಿಲ್ಲವಂತೆ.

ಅದಾದ ನಾಲ್ಕನೆಯ ಮುಂಜಾನೆ ಹೆಣ್ಣು ಚಿಂಕಾರವೊಂದು ಕೆಳಗಿನ ಎರಡು ಎಳೆಗಳ ನಡುವೆ ಸಿಕ್ಕಿತು. ಜೀವವಿತ್ತು. ಆಯಿ ಕಂಬಳಿ ಹಾಕಿ ಅದನ್ನು ಬಿಡಿಸಿದಳು, ಹೆಗಲ ಮೇಲೆ ಹೊತ್ತು ಜಾನುವಾರು ಆಸ್ಪತ್ರೆಯ ದಾರಿ ಹಿಡಿದಳು. ದಾರಿಯಲ್ಲಿ ಅದು ಸತ್ತಿತು. ಡಾಂಬರು ರಸ್ತೆಗೆ ಬರುವಷ್ಟರಲ್ಲಿ ಅರಣ್ಯ ಇಲಾಖೆಯ ಗಸ್ತಿನ ಜೀಪು ಎದುರಾಯಿತು. ಹೆಗಲ ಮೇಲೆ ಸತ್ತ ಚಿಂಕಾರ, ಸೀರೆಯ ಮೇಲೆ ರಕ್ತ, ಹಿಂದೆ ಮುಧೋಳ ನಾಯಿ. ಬೇಟೆಯ ಮೊಕದ್ದಮೆ ಹೂಡಲು ಬೇರೆ ಸಾಕ್ಷಿ ಯಾರಿಗೆ ಬೇಕು? ಆದರೂ ಒಂದು ಲಿಖಿತ ಸಾಕ್ಷಿಯನ್ನು ಹುಡುಕಿ ಲಗತ್ತಿಸಿದರು: ಮಧ್ಯಂತರ ವರದಿಯ ಆ ಪುಟ. ಸಹಿ ಹಿಂತೆಗೆದ ನನ್ನ ಪತ್ರ, ಮೊಹರು ಬಿದ್ದ ಮೂರು ಕಚೇರಿಗಳಲ್ಲಿ ಒಂದರಲ್ಲೂ ಸಿಗಲಿಲ್ಲವಂತೆ. ಕಂಡುಬಂದಿಲ್ಲ.

ಜಾಮೀನಿನ ಮೇಲೆ ಬಿಡುಗಡೆಯಾದ ಮೇಲೆ ಅವಳನ್ನು ನೋಡಲು ಹೋದೆ. ನಾಯಿ ಪುರಾವೆಯೆಂದು ಠಾಣೆಗೆ ಹೋಗಿ, ಅಲ್ಲಿ ಹಾಲಿನಲ್ಲಿ ರೊಟ್ಟಿ ನೆನೆಸುವವರಿಲ್ಲದೆ ಸತ್ತಿತ್ತು. ಅರ್ಧ ಕುರಿಗಳನ್ನು ವಕೀಲರಿಗಾಗಿ ಮಾರಿದ್ದಳು. ಬಾಗಿಲಲ್ಲಿ ನಿಂತ ನನ್ನನ್ನು ಒಳಗೆ ಕರೆದು ನೀರು ಕೊಟ್ಟಳು.

“ವಕೀಲರು ಕಾಗದ ತೋರಿಸಿದ್ರು ತಂಗಿ. ನಿನ್ನ ಸಹಿ ಭಾಳ ಛಲೋ ಐತಿ. ದುಂಡಗ.”

ನಾನು ನೀರಿನ ಲೋಟವನ್ನು ಕೆಳಗಿಟ್ಟೆ.

“ನನ್ನ ಹೆಬ್ಬೆಟ್ಟ ಇದ್ದ ಕಾಗದ ಎಲ್ಲಿ ಹೋತು?” ಎಂದು ಕೇಳಿದಳು. “ಅದನ್ನ್ಯಾಕ ಯಾರೂ ತೋರಸೂದಿಲ್ಲ?”

ಅದು ನನ್ನ ಬಳಿ ಇದೆ. ಹದಿನಾಲ್ಕು ಅಚ್ಚುಗಳೂ ಇವೆ. ಅವಳ ಪರವಾಗಿ ಸಾಕ್ಷಿ ಹೇಳಲು ಅರ್ಜಿ ಕೊಟ್ಟಿದ್ದೇನೆ. ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ, ಕರೆ ಬಂದಿಲ್ಲ.

ಆದ್ದರಿಂದ ಮೂವರಿಗೆ ನೇರವಾಗಿ ಹೇಳುತ್ತೇನೆ. ಸಂಸ್ಥೆಯ ನಿರ್ದೇಶಕರೇ, ಬೇಟೆನಾಯಿಯ ವಾಕ್ಯ ನಿಮ್ಮದು. ಅದಕ್ಕೆ ಆಧಾರವಿಲ್ಲವೆಂದು ನಿಮ್ಮ ಕೈಯಾರೆ ಬರೆದು, ಅವಳ ಮುಂದಿನ ತಾರೀಖಿಗೆ ಮುಂಚೆ ಕೋರ್ಟಿಗೆ ಸಲ್ಲಿಸಿರಿ. ಊಹೆಯೆಂದು ನೀವೇ ಹೇಳಿದ್ದಿರಿ. ಅಷ್ಟನ್ನೇ ಬರೆದರೂ ಸಾಕು. ಅರಣ್ಯ ಅಧಿಕಾರಿಗಳೇ, ನಿಮ್ಮ ಕಚೇರಿಯ ಮೊಹರು ಬಿದ್ದ ನನ್ನ ಪತ್ರದ ಪ್ರತಿ ನನ್ನಲ್ಲಿದೆ. ಅದನ್ನು ಕಡತಕ್ಕೆ ಸೇರಿಸಿ, ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಿರಿ. ಮತ್ತು ರೇಂಜಿನ ಮುಖ್ಯಾಧಿಕಾರಿಗಳೇ, ಹೊಂಡದ ಉತ್ತರದಲ್ಲಿ ನಲವತ್ತೊಂದನೆಯ ಕಂಬದಿಂದ ನಲವತ್ತಾರನೆಯ ಕಂಬದವರೆಗೆ, ಬೇಲಿಯ ಕೆಳಗಿನ ಎರಡು ಎಳೆಗಳನ್ನು ಈ ಬೇಸಿಗೆಗೆ ಮುಂಚೆ ತೆಗೆಸಿರಿ. ಐದು ಅಂಕಣ, ಹತ್ತು ತುಂಡು ತಂತಿ. ಒಬ್ಬ ಜವಾನನ ಅರ್ಧ ದಿನದ ಕೆಲಸ. ಉಳಿದ ಎಳೆಗಳಿಗೆ ಮುದುಕಿ ಚಿಂದಿ ಕಟ್ಟಿದರೆ ಬಿಚ್ಚಿಸಬೇಡಿರಿ. ಯಾವ ಕಂಬವೆಂದು ಗೊತ್ತಾಗದಿದ್ದರೆ ನಾನೇ ಬಂದು ಕೈಯಿಟ್ಟು ತೋರಿಸುತ್ತೇನೆ.

ಗುರುತಿಗೆಂದು ಸುಣ್ಣ ಮಾತ್ರ ಬಳಿಯಬೇಡಿರಿ.